ಹಿಮನಾಡಿನ ಇಳಿಜಾರು, ಕಳಚೆಯ ಧರೆ: ಒಂದು ಹೋಲಿಕೆ

ನಮ್ಮ ಮೈತ್ರಿ ಸಂಶೋಧನಾ ಕೇಂದ್ರವಿರುವ ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್ ಸುಮಾರು 35 ಚದರ ಕಿಲೋಮೀಟರಿನ ಬೋಳು ಬಂಡೆನೆಲ. ಅಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ, ಸುಮಾರು ಶೇ. 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಸೀಳಿದ ಚೂರುಗಳನ್ನು ಹಿಮಹಾಸಿನಿಂದ ಇಳಿದುಬರುವ ಗಾಳಿ ಮರಳೆರಚಿ ಉಜ್ಜುತ್ತದೆ. ಮಣ್ಣು ಕಡಿಮೆ, ಚೂರುಗಳೇ ಹೆಚ್ಚು.

ಯಲ್ಲಾಪುರದ ಘಟ್ಟದಂಚಿನಲ್ಲಿ ಕಲ್ಲು ಸೀಳುವುದಿಲ್ಲ, ಕೊಳೆಯುತ್ತದೆ. ರಸ್ತೆಗೆಂದು ಕಡಿದ ಯಾವುದಾದರೂ ಧರೆಯ ಎದುರು ನಿಂತರೆ ಇದು ಕಾಣುತ್ತದೆ. ಮೇಲೆ ಜಂಬಿಟ್ಟಿಗೆಯ ಕೆಂಪು ಗಟ್ಟಿ ಪದರ, ಅದರಡಿ ಬಿಳಿ, ಹಳದಿ ಮಿಶ್ರಿತ ಶೇಡಿ ಮಣ್ಣು. ಶೇಡಿಯಲ್ಲಿ ಮೂಲ ಬಂಡೆಯ ಗೆರೆಗಳು ಎಷ್ಟೋ ಕಡೆ ಹಾಗೇ ಉಳಿದಿರುತ್ತವೆ. ಆದರೆ ಉಗುರಿನಿಂದ ಕೆರೆದರೆ ಉದುರುತ್ತದೆ, ಒದ್ದೆಯಾದರೆ ಬೆರಳಿಗೆ ಜಾರುತ್ತದೆ.

ಧ್ರುವದ ಶಿಖರಗಳನ್ನು ಕಂಡವರಿಗೆ ಮೊದಲು ನೆನಪಾಗುವುದು ಯಾಣ. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಯಾಣದ ಸುಣ್ಣಕಲ್ಲು ಮಳೆನೀರಿನಲ್ಲಿ ಕರಗಿ ಆ ರೂಪಕ್ಕೆ ಬಂದದ್ದು. ಹೋಲಿಕೆ ಇರುವುದು ಶಿಖರಗಳಲ್ಲಲ್ಲ, ಇಳಿಜಾರಿನಲ್ಲಿ.

ಸ್ವೀಡನ್ನಿನ ಭೂವಿಜ್ಞಾನಿ ಯೋಹಾನ್ ಗುನ್ನಾರ್ ಆಂಡರ್ಸನ್ ಬೇರ್ ದ್ವೀಪ, ಫಾಕ್‌ಲೆಂಡ್ ದ್ವೀಪಗಳ ಇಳಿಜಾರುಗಳನ್ನು ನೋಡಿ, ಒದ್ದೆ ಮಣ್ಣು ನಿಧಾನವಾಗಿ ಕೆಳಕ್ಕೆ ಹರಿಯುವ ಈ ಕ್ರಿಯೆಗೆ 1906ರಲ್ಲಿ ಸೊಲಿಫ್ಲಕ್ಷನ್ ಎಂದು ಹೆಸರಿಟ್ಟ. ಶಾಶ್ವತ ಹಿಮನೆಲವಿರುವಲ್ಲಿ ಬೇಸಿಗೆಗೆ ಮೇಲಿನ ಮಣ್ಣು ಕರಗುತ್ತದೆ, ಕೆಳಗಿನದು ಹೆಪ್ಪಾಗಿಯೇ ಇರುತ್ತದೆ. ನೀರಿಗೆ ಇಂಗಲು ದಾರಿಯಿಲ್ಲ. ಒತ್ತಡ ಏರಿ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ.

2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ಅಡಿಕೆ ತೋಟಗಳು ಹಾಳಾದವು. ತಲೆಮಾರುಗಳ ದುಡಿಮೆ ಮಣ್ಣಾದ ಆ ನೋವು ಯಾವ ಸಿದ್ಧಾಂತಕ್ಕಿಂತಲೂ ದೊಡ್ಡದು. ಘಟ್ಟದ ಇಂಥ ಕುಸಿತಗಳಲ್ಲಿ ಜಂಬಿಟ್ಟಿಗೆಯ ರಂಧ್ರಗಳಿಂದ ಇಳಿದ ನೀರನ್ನು ಶೇಡಿ ಬೇಗ ಕೆಳಗೆ ಬಿಡುವುದಿಲ್ಲ. ಹಿಮನೆಲ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಶೇಡಿಯೂ ಅದರಡಿಯ ಗಟ್ಟಿ ಬಂಡೆಯೂ ಮಾಡುತ್ತವೆ. ವೇಗದಲ್ಲಿ ಮಾತ್ರ ಅಜಗಜಾಂತರ: ಅಲ್ಲಿನ ಮಣ್ಣು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿದರೆ, ಇಲ್ಲಿ ಗುಡ್ಡವೇ ಒಮ್ಮೆಗೆ ಜಾರಬಲ್ಲದು.

ಆದ್ದರಿಂದ ಘಟ್ಟದಲ್ಲಿ ಮಳೆಯ ಪ್ರಮಾಣವೊಂದನ್ನೇ ಅಳೆದರೆ ಸಾಲದು. ಧರೆಯ ಯಾವ ಎತ್ತರದಲ್ಲಿ ಒರತೆ ಏಳುತ್ತದೆ, ಎಂದು ಕದಡುತ್ತದೆ, ಎಲ್ಲಿ ಹಠಾತ್ತನೆ ನಿಲ್ಲುತ್ತದೆ ಎಂಬುದು ತೋಟದವರ ಕಣ್ಣಿಗೆ ದಿನವೂ ಬೀಳುವ ವಿವರ. ಅದನ್ನು ಮಳೆಯ ಅಂಕಿಗಳ ಪಕ್ಕದಲ್ಲೇ, ಊರೂರಿಗೆ ದಾಖಲಿಸಬೇಕು.