ಕಂಬ ನಿಂತಿತ್ತು, ಮನೆ ಇರಲಿಲ್ಲ



ಚಂಡಮಾರುತ ಬೀಸಿಹೋದ ದ್ವೀಪಗಳಲ್ಲಿ ದೂರವಾಣಿ, ವಿದ್ಯುತ್ತುಗಳನ್ನು ಮರಳಿ ಜೋಡಿಸಿದ ಸಾಹಸದ ವರದಿಗಳನ್ನು ನಾವು ಆಗಾಗ ಓದುತ್ತೇವೆ. ನಮ್ಮ ಬೀದರ ಸೀಮೆಗೆ ಸಮುದ್ರವಿಲ್ಲ. ಮಾಂಜ್ರಾ ನದಿಯೇ ನಾವು ಕಂಡ ದೊಡ್ಡ ನೀರು. ಆದರೂ ನಡುನೆಲದ ಊರು ಒಂದೇ ರಾತ್ರಿಯಲ್ಲಿ ದ್ವೀಪವಾಗಬಲ್ಲುದೆಂಬುದನ್ನು ನಾನು ಕಂಡಿದ್ದೇನೆ.

1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣೇಶನ ವಿಸರ್ಜನೆ ಮುಗಿಸಿ ಜನ ದಣಿದು ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಭಾಲ್ಕಿಯ ನಮ್ಮ ಮನೆಯಲ್ಲಿ ಅಡಿಗೆಮನೆಯ ಹಲಗೆಯ ಮೇಲಿದ್ದ ಪಾತ್ರೆಗಳು ಒಂದೊಂದಾಗಿ ಉರುಳಿದವು. ಓಣಿಯವರೆಲ್ಲ ಬೀದಿಗೆ ಬಂದೆವು. ಕರೆಂಟು ಇರಲಿಲ್ಲ, ಅದು ಕಂಪನದಿಂದ ಹೋಯಿತೋ ರೂಢಿಯಂತೆ ಹೋಯಿತೋ ಹೇಳಲಾರೆ. ನಡುಗಿದ್ದು ಎಲ್ಲರಿಗೂ ಗೊತ್ತು, ಬಿದ್ದದ್ದು ಎಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ.

ಬಿದ್ದದ್ದು ಕಿಲ್ಲಾರಿ ಮತ್ತು ಅದರ ಸುತ್ತಿನ ಹಳ್ಳಿಗಳು. ಭಾಲ್ಕಿಯಿಂದ ನೇರ ಗೆರೆ ಎಳೆದರೆ ಸುಮಾರು 65 ಕಿಲೋಮೀಟರು. ಅಂದಿನ ಮಹಾರಾಷ್ಟ್ರದ ಮುಖ್ಯಮಂತ್ರಿ ಶರದ್ ಪವಾರರು, ಮುಂಬಯಿಯ ತಮ್ಮ ಮನೆಯ ಕಿಟಕಿಗಳು ಅಲುಗಿದೊಡನೆ ಕೊಯ್ನಾದ ಭೂಕಂಪ ಮಾಪನ ಕೇಂದ್ರಕ್ಕೆ ಫೋನು ಮಾಡಿ ಕೇಂದ್ರಬಿಂದು ಕಿಲ್ಲಾರಿ ಎಂದು ತಿಳಿದುಕೊಂಡುದನ್ನು ಮುಂದೆ ಹೇಳಿಕೊಂಡಿದ್ದಾರೆ. ನೂರಾರು ಮೈಲಿ ದೂರದ ಮುಂಬಯಿಗೆ ತಿಳಿದದ್ದು ನೆರೆಯ ಭಾಲ್ಕಿಗೆ ತಿಳಿಯಲಿಲ್ಲ. ದೂರ, ಹತ್ತಿರ ಎಂಬ ಮಾತುಗಳಿಗೆ ನಾವು ಕೊಡುವ ಅರ್ಥ ಅಂದು ಕೆಲಸಕ್ಕೆ ಬರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಚರಿತ್ರೆ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಉದಗೀರ, ಅಹಮದಪುರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯವೇ ಆಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಚೆಯ ರಾಜ್ಯಕ್ಕೆ ಸೇರಿದವು. ನಕಾಶೆಯ ಗೆರೆ ಬದಲಾಯಿತು. ಹೆಣ್ಣು ಕೊಡುವುದು, ತರುವುದು, ದನದ ಸಂತೆ, ಜಾತ್ರೆ ಯಾವುದೂ ಬದಲಾಗಲಿಲ್ಲ. ನನ್ನ ಅಕ್ಕನನ್ನು ಕೊಟ್ಟದ್ದು ನಿಲಂಗಾ ದಾಟಿ ಕಿಲ್ಲಾರಿಯ ಕಡೆಗಿದ್ದ ಒಂದು ಹಳ್ಳಿಗೆ.

ಬೆಳಗಾಗುತ್ತಲೇ ಟ್ರಾನ್ಸಿಸ್ಟರಿನ ಸುತ್ತ ಕುಳಿತೆವು. ಲಾತೂರು, ಉಸ್ಮಾನಾಬಾದ ಎಂಬ ಹೆಸರುಗಳು ಕೇಳಿಬಂದವು. ಫೋನಿನ ಬೂತಿಗೆ ಓಡಿದೆ. ಆದರೆ ಯಾವ ಸಂಖ್ಯೆಗೆ ಮಾಡುವುದು? ಅಕ್ಕನ ಊರಿಗೆ ಫೋನೇ ಇರಲಿಲ್ಲ. ನಿಲಂಗಾದ ಪರಿಚಿತ ವರ್ತಕರೊಬ್ಬರ ಸಂಖ್ಯೆ ತಿರುಗಿಸಿದರೆ ಆ ಕಡೆ ಗಂಟೆಯೇ ಬಾರಿಸಲಿಲ್ಲ. ರೈಲಿನವರಿಗೆ ತಮ್ಮದೇ ಪ್ರತ್ಯೇಕ ತಂತಿ ಇರುತ್ತದೆಂದು ಸ್ಟೇಷನ್ನಿಗೆ ಹೋದೆ. ಉದಗೀರದ ಕಡೆಯಿಂದ ಗಾಡಿ ಬರುತ್ತಿದೆ ಎಂಬಷ್ಟೇ ಅಲ್ಲಿ ಸಿಕ್ಕ ಸುದ್ದಿ.

ವಿಕೋಪದ ಅನಂತರ ಸಂಪರ್ಕವನ್ನು ಪುನಃ ಸ್ಥಾಪಿಸಲಾಯಿತು ಎಂದು ವರದಿಗಳು ಬರೆಯುತ್ತವೆ. ಪುನಃ ಎನ್ನಬೇಕಾದರೆ ಮೊದಲು ಇದ್ದಿರಬೇಕಷ್ಟೆ. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲೇ 1986ರಲ್ಲಿ ಆರಂಭವಾಗಿತ್ತು. ಏಳು ವರ್ಷ ಕಳೆದರೂ ಅಕ್ಕನ ಊರಿನಂಥ ಊರುಗಳಿಗೆ, ಈಚೆ ನಮ್ಮ ಔರಾದ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ, ಆ ಗಂಟೆಯ ಸದ್ದು ತಲುಪಿರಲಿಲ್ಲ. ಕಡಿದುಹೋದ ತಂತಿಯನ್ನು ಲೆಕ್ಕ ಹಿಡಿಯಬಹುದು. ಎಳೆಯದೇ ಬಿಟ್ಟ ತಂತಿ ಯಾವ ನಷ್ಟದ ಪಟ್ಟಿಗೂ ಬರುವುದಿಲ್ಲ.

ಎರಡನೆಯ ದಿನ ಸಂಜೆ ಒಬ್ಬ ಲಾರಿ ಡ್ರೈವರು ಮನೆ ಹುಡುಕಿಕೊಂಡು ಬಂದ. “ಮಾಸ್ತರ್ರೀ, ಅಕ್ಕೋರು ಚೀಟಿ ಕೊಟ್ಟಾರ್ರೀ” ಎಂದು ಬೀಡಿ ಕಟ್ಟಿನ ಕಾಗದವನ್ನು ಕೈಗಿಟ್ಟ. “ನಾನು ಮಕ್ಕಳು ಇದ್ದೇವೆ. ಮಾವ ಇಲ್ಲ” ಎಂದಷ್ಟೇ ಬರೆದಿತ್ತು. ಅಕ್ಕನ ಗಂಡನ ವಿಷಯ ಅದರಲ್ಲಿರಲಿಲ್ಲ. ಆ ರಾತ್ರಿ ಅವ್ವನಿಗೆ ಚೀಟಿಯನ್ನು ಓದಿಹೇಳುವಾಗ ಭಾವನ ಹೆಸರನ್ನು ನಾನೇ ಸೇರಿಸಿ ಓದಿದೆ.

ಮರುದಿನ ಮಳೆಯಲ್ಲೇ ಹೊರಟು ಅಲ್ಲಿಗೆ ತಲುಪಿದೆ. ಭಾವ ಬದುಕಿದ್ದರು, ಕಾಲು ಮುರಿದು ಲಾತೂರಿನ ಆಸ್ಪತ್ರೆಯಲ್ಲಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ವರ್ಷವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆ. ಬೇಸಗೆಯಲ್ಲಿ ತಂಪು ಕೊಡುತ್ತಿದ್ದ ಆ ಮನೆಗಳೇ ಜನರ ಮೇಲೆ ಕುಸಿದಿದ್ದವು. ಸತ್ತವರು ಸುಮಾರು 10,000 ಮಂದಿ. ಆದರೆ ನನ್ನನ್ನು ತಡೆದು ನಿಲ್ಲಿಸಿದ ನೋಟ ಬೇರೆ. ಬೀದಿಯುದ್ದಕ್ಕೂ ಕರೆಂಟಿನ ಕಂಬಗಳು ನೆಟ್ಟಗೆ ನಿಂತಿದ್ದವು. ಒಂದೊಂದು ಕಂಬದಿಂದಲೂ ತಂತಿ ಇಳಿದು ಕಲ್ಲುಗುಡ್ಡೆಯೊಳಕ್ಕೆ ಹೋಗಿತ್ತು. ಬಿರುಗಾಳಿ ಕಂಬವನ್ನು ಕೆಡವುತ್ತದೆ. ಈ ನಡುಕ ಕಂಬವನ್ನು ಬಿಟ್ಟು ಮನೆಯನ್ನು ಕೆಡವಿತ್ತು.

ಕರೆಂಟು ಬಿಡಿ ಎಂದು ಕೆಲವರು ಲೈನ್‌ಮನ್‌ನೊಡನೆ ಜಗಳಕ್ಕೆ ನಿಂತರು. ಆತ ಒಪ್ಪಲಿಲ್ಲ. ಕಲ್ಲಿನಡಿಯ ತಂತಿಗೆ ವಿದ್ಯುತ್ತು ಹರಿದರೆ ಬರಿಗೈಯಲ್ಲಿ ಅಗೆಯುತ್ತಿದ್ದವರ ಗತಿಯೇನು? ಮೊದಲು ಮನೆಮನೆಯ ತಂತಿಯನ್ನು ಕಂಬದಲ್ಲೇ ಕತ್ತರಿಸಬೇಕು, ಆಮೇಲೆ ಲೈನಿಗೆ ಜೀವ ಕೊಡಬೇಕು. ಬೆಳಕು ಕೊಡುವವನ ಮೊದಲ ಕೆಲಸ ಕತ್ತರಿಸುವುದಾಗಿತ್ತು. ಫೋನಿನ ಕಥೆಯೂ ಕರೆಂಟಿಗೇ ಗಂಟುಬಿದ್ದದ್ದು. ಎಕ್ಸ್‌ಚೇಂಜು ಬ್ಯಾಟರಿಯ ಮೇಲೆ ಕೆಲವು ಗಂಟೆ ಬದುಕುತ್ತದೆ; ಆಮೇಲೆ ಡೀಸೆಲ್ ಎಂಜಿನ್ನು ಬೇಕು, ಡೀಸೆಲ್ಲಿಗೆ ರಸ್ತೆ ಬೇಕು.

ಹನ್ನೊಂದು ವರ್ಷಗಳ ಅನಂತರ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳ ದನಿ ಅಡಗಿದಾಗ ನನಗೆ ಬೀಡಿ ಕಟ್ಟಿನ ಚೀಟಿ ನೆನಪಾಯಿತು. ಹವ್ಯಾಸಿ ರೇಡಿಯೋ ಪ್ರಸಾರಕ್ಕೆಂದು ಮೊದಲೇ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ಅಂದು ತನ್ನ ಪುಟ್ಟ ಯಂತ್ರದಿಂದಲೇ ಬದುಕುಳಿದವರ ಸುದ್ದಿಯನ್ನು ದಡ ಮುಟ್ಟಿಸಿದರು. ಅವರು ದುಡಿಯುತ್ತಿದ್ದ ಸಂಸ್ಥೆ ನಮ್ಮ ನೆರೆಯ ಹೈದರಾಬಾದಿನದು. ಇಂಥ ಯಂತ್ರಕ್ಕೆ ಕಂಬ ಬೇಡ, ಕಾರಿನ ಬ್ಯಾಟರಿ ಸಾಕು. ಆ ಲಾರಿ ಡ್ರೈವರನೂ ಅದೇ ಕೆಲಸ ಮಾಡಿದ್ದನೆಂದು ನನ್ನ ಎಣಿಕೆ.

ಮುಂದೆ ಕಿಲ್ಲಾರಿ ಸೀಮೆಯ 52 ಹಳ್ಳಿಗಳನ್ನು ಹೊಸ ನೆಲೆಯಲ್ಲಿ ಕಟ್ಟಿದರು. ಅದಕ್ಕೆ ಮೊದಲು ತಗಡಿನ ಕೊಟ್ಟಿಗೆಗಳ ಸಾಲುಗಳಿದ್ದವು. ನಾನು ಮತ್ತೆ ಹೋದಾಗ ಅಕ್ಕನ ಕೊಟ್ಟಿಗೆಗೆ ಬಲ್ಬು ಬಂದಿತ್ತು. ಮಲಗುವ ಹೊತ್ತಿಗೆ ಆರಿಸಹೋದೆ. “ಇರಲಿ ಬಿಡೋ ತಮ್ಮಾ” ಎಂದಳು. ಹೊರಗೆ ಬಂದು ನೋಡಿದರೆ ಇಡೀ ಸಾಲು ಉರಿಯುತ್ತಿತ್ತು. ನಸುಕಿನ ನಾಲ್ಕು ಗಂಟೆ ದಾಟಿದ ಮೇಲೆ ಒಂದೊಂದೇ ದೀಪ ಆರತೊಡಗಿತು.