ಅಳತೆಯ ಕೋವಿ, ಅಚ್ಚಿನ ಕೋವಿ

ಬೇಟೆಯ ಆಯುಧಕ್ಕೆ ನಮ್ಮ ಭಾಷೆಯಲ್ಲಿ ನಾಲ್ಕು ಹೆಸರುಗಳುಂಟು. ‘ಕೋವಿ’ ಎಂಬುದು ನಮ್ಮದೇ ಮಾತು. ಕೊಳವೆ ಎಂಬುದು ಅದರ ಮೊದಲ ಅರ್ಥ. ‘ತುಪಾಕಿ’ ತುರ್ಕರ ಕಡೆಯಿಂದ ಬಂದದ್ದು. ‘ಬಂದೂಕು’ ಅರಬ್ಬಿಯದು, ಅಲ್ಲಿ ಒಂದು ಕಾಯಿಯ ಹೆಸರಾಗಿದ್ದುದು ಗುಂಡಿಗೆ ಸಂದು, ಗುಂಡಿನಿಂದ ಆಯುಧಕ್ಕೆ ಸಂದಿತು. ನಾಲ್ಕನೆಯದಾದ ‘ರೈಫಲ್’ ಇಂಗ್ಲಿಷಿನವರ ಜೊತೆಯಲ್ಲಿ ಬಂದಿತು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದಿದ್ದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೇರವಾಗಿ ಹೋಗುತ್ತದೆ. ಆ ಗೀರಿನಿಂದಲೇ ರೈಫಲ್ ಎಂಬ ಹೆಸರು. ಈ ರೈಫಲನ್ನು ಕೊಳ್ಳಹೊರಟವನ ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಒಂದು ಪ್ರಶ್ನೆ ಎದ್ದು ನಿಂತಿತು. ಕುಶಲಿಯಾದ ಕಮ್ಮಾರನಿಂದ ತನ್ನ ಮೈಯಳತೆಗೆ ಮಾಡಿಸಿಕೊಳ್ಳಬೇಕೆ, ಕಾರ್ಖಾನೆಯಲ್ಲಿ ಸಾವಿರದ ಲೆಕ್ಕದಲ್ಲಿ ತಯಾರಾದುದನ್ನು ಅಂಗಡಿಯಿಂದ ತರಬೇಕೆ? ಇದು ಸಿರಿವಂತರ ಷೋಕಿಯ ಪ್ರಶ್ನೆಯೆಂದು ತೋರಬಹುದು. ಆದರೆ ಅದರ ಫಲವನ್ನು ಅನುಭವಿಸಿದವರಲ್ಲಿ ಕೋವಿಯನ್ನು ಕೈಯಲ್ಲಿ ಮುಟ್ಟದವರೇ ಹೆಚ್ಚು. ಇಂದಿನ ನನ್ನ ಮಾತು ಅವರನ್ನು ಕುರಿತದ್ದು.

ಮಾದರಿಯೊಂದು, ಮಾಡುವ ಕೈ ಬೇರೆ ಎಂದರೆ ಏನೆಂಬುದನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಮೊಸಳೆ ಎಂಬ ಊರಿದೆ. ಅಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಅಕ್ಕಪಕ್ಕದಲ್ಲಿ ಅವಳಿ ಮಕ್ಕಳಂತೆ ನಿಂತಿವೆ. 1200ರ ಆಸುಪಾಸಿನವು, ಇಮ್ಮಡಿ ವೀರಬಲ್ಲಾಳನ ಕಾಲದವು. ತಳವಿನ್ಯಾಸ ಒಂದೇ, ಎತ್ತರ ಒಂದೇ. ಒಂದರ ಗೋಡೆಯಲ್ಲಿ ಶಿವನ ಪರಿವಾರ, ಇನ್ನೊಂದರಲ್ಲಿ ವಿಷ್ಣುವಿನ ಪರಿವಾರ. ಹತ್ತಿರ ಹೋಗಿ ನೋಡಿದರೆ ಉಳಿಯ ಏಟು ಒಂದೊಂದೂ ಬೇರೆ. ಒಂದರ ಕಲ್ಲನ್ನು ಕಿತ್ತು ಇನ್ನೊಂದರ ಜಾಗದಲ್ಲಿ ಕೂರಿಸಲು ಬಾರದು. ಕೈಕೆಲಸದ ಜಗತ್ತೆಲ್ಲ ಹೀಗೆಯೇ ಇದ್ದಿತು. ಕೋವಿಯೂ ಆ ಜಗತ್ತಿನಲ್ಲಿಯೇ ಹುಟ್ಟಿ ಬೆಳೆದದ್ದು.

ನಮ್ಮ ನಾಡಿನಲ್ಲಿ ಆ ಕೈಕೆಲಸದ ಉನ್ನತಿಯನ್ನು ಕಾಣಬೇಕಾದರೆ ಶ್ರೀರಂಗಪಟ್ಟಣವನ್ನು ನೆನೆಯಬೇಕು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಚಕಮಕಿ ಕಲ್ಲಿನ ಕೋವಿಗಳು ತಯಾರಾಗುತ್ತಿದ್ದವು. ಅರಸನ ಬಳಕೆಗಾಗಿ ಮಾಡಿದವುಗಳ ಮೇಲೆ ಹುಲಿಯ ಪಟ್ಟೆಯ ವಿನ್ಯಾಸ, ಹುಲಿಯ ಮುಖ, ಬೆಳ್ಳಿ ಬಂಗಾರದ ಕುಸುರಿ. ಅವನೇ ಜಾರಿಗೆ ತಂದ ಶಕೆಯ ವರ್ಷ, ಜೊತೆಗೆ ಕೆಲವದರಲ್ಲಿ ಮಾಡಿದ ಕುಶಲಿಯ ಹೆಸರು. ಸಯ್ಯದ್ ಮಾಸೂಮ್ ಎಂಬುದು ಹಾಗೆ ಉಳಿದುಬಂದ ಹೆಸರುಗಳಲ್ಲೊಂದು. ಕಾರ್ಖಾನೆ ಎಂದು ಹೆಸರಿದ್ದರೂ ಅಲ್ಲಿನ ಒಂದು ಕೋವಿಯ ತಿರುಪು ಇನ್ನೊಂದಕ್ಕೆ ಹೊಂದುವಂತಿರಲಿಲ್ಲ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಆ ಕೋವಿಗಳು ಲೂಟಿಯಾಗಿ ಇಂಗ್ಲೆಂಡನ್ನು ಸೇರಿದವು.

ಇತಿಹಾಸದ ಒಂದು ಸೋಜಿಗವನ್ನು ಇಲ್ಲಿ ಹೇಳಬೇಕು. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡು, ಮೈಸೂರಿಗೆ ಕುಶಲಕರ್ಮಿಗಳನ್ನು ಕಳುಹಿಸಿಕೊಡಬೇಕೆಂದು ಕೇಳಿದರು. ಅದಕ್ಕೆ ಮೂರು ವರ್ಷ ಮೊದಲು, 1785ರಲ್ಲಿ, ಅದೇ ಫ್ರಾನ್ಸಿನಲ್ಲಿ ಹೊನೋರೆ ಬ್ಲಾಂಕ್ ಎಂಬಾತ ಕೋವಿಯ ಬೀಗದ ಭಾಗಗಳನ್ನು ರಾಶಿ ಹಾಕಿ, ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಜೋಡಿಸಿ ತೋರಿಸಿದ್ದನು. ಎಲ್ಲವೂ ಹೊಂದಿದವು. ಅದನ್ನು ಕಂಡು ಬೆರಗಾಗಿ ತನ್ನ ದೇಶಕ್ಕೆ ಪತ್ರ ಬರೆದವನು ಅಮೆರಿಕದ ಪ್ರತಿನಿಧಿ ಥಾಮಸ್ ಜೆಫರ್ಸನ್. ಫ್ರಾನ್ಸಿನಲ್ಲಿ ಬೇರು ಬಿಡದ ಆ ವಿದ್ಯೆ ಅಮೆರಿಕದ ಕಾರ್ಖಾನೆಗಳಲ್ಲಿ ಅರ್ಧ ಶತಮಾನ ಪಳಗಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವರ್ಮಾಂಟ್ ಸೀಮೆಯ ಒಂದು ಕಂಪೆನಿ, ಭಾಗಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದಾದ ರೈಫಲುಗಳನ್ನು ಇಟ್ಟಿತು. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಸರ್ಕಾರ ತನ್ನ ಎನ್‌ಫೀಲ್ಡ್ ಕಾರ್ಖಾನೆಗೆ ಅಮೆರಿಕದ ಯಂತ್ರಗಳನ್ನು ತರಿಸಿತು. ಅಚ್ಚಿನ ಕೋವಿ ಹೀಗೆ ಲೋಕಕ್ಕೆ ಬಂದಿತು.

ಆದರೆ ಲಂಡನ್ನಿನ, ಬರ್ಮಿಂಗ್‌ಹ್ಯಾಮಿನ ಹಳೆಯ ಮನೆತನದ ಕೋವಿಕಾರರು ಸೋಲಲಿಲ್ಲ. ಪರ್ಡಿ, ವೆಸ್ಟ್ಲಿ ರಿಚರ್ಡ್ಸ್, ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ ಮೊದಲಾದವರ ಬಳಿ ಹೋದ ಗಿರಾಕಿಯನ್ನು ದರ್ಜಿಯವನಂತೆ ಅಳೆಯುತ್ತಿದ್ದರು. ತೋಳಿನ ಉದ್ದವೆಷ್ಟು, ಕೊರಳಿನ ಎತ್ತರವೆಷ್ಟು, ಕೆನ್ನೆ ಎಲ್ಲಿ ಊರುತ್ತದೆ, ಬಲಗಣ್ಣಿನಿಂದ ನೋಡುವನೋ ಎಡಗಣ್ಣಿನಿಂದಲೋ? ಇದಕ್ಕೆ ತಕ್ಕಂತೆ ಮರದ ಹಿಡಿಯನ್ನು ಒಂದಿಷ್ಟು ಬಗ್ಗಿಸಿ, ಒಂದಿಷ್ಟು ಪಕ್ಕಕ್ಕೆ ಓರೆಮಾಡಿ ಕೆತ್ತುತ್ತಿದ್ದರು. ಇದು ಅಲಂಕಾರವಲ್ಲ. ಹುಲಿ ಪೊದೆಯಿಂದ ಹಾರಿದಾಗ ಗುರಿ ನೋಡಲು ಹೊತ್ತಿರುವುದಿಲ್ಲ. ಹೆಗಲಿಗೇರಿದ ಕೋವಿ ಕಣ್ಣು ನೋಡಿದಲ್ಲಿಗೇ ತಾನಾಗಿ ತಿರುಗಿರಬೇಕು. ಜೋಡುನಳಿಗೆಯ ರೈಫಲಿಗೆ ಇನ್ನೊಂದು ಗುಣವಿತ್ತು. ಎರಡು ನಳಿಗೆಗೂ ಬೇರೆ ಬೇರೆ ಬೀಗವಿದ್ದುದರಿಂದ ಒಂದು ಕೈಕೊಟ್ಟರೆ ಇನ್ನೊಂದು ಇದ್ದೇ ಇರುತ್ತಿತ್ತು. ಆದರೆ ಎರಡು ನಳಿಗೆಗಳ ಗುಂಡುಗಳೂ ಒಂದೇ ಕಡೆ ಬೀಳುವಂತೆ ಅವನ್ನು ಬೆಸೆಯುವುದು ಬಲು ಕಷ್ಟದ ಕೆಲಸ. ಒಮ್ಮೆ ಬೆಸೆದು, ಹಾರಿಸಿ ನೋಡಿ, ಬಿಚ್ಚಿ, ಮತ್ತೆ ಬೆಸೆಯಬೇಕು. ಯಂತ್ರ ಮಾಡಲಾರದ ಈ ಕೆಲಸಕ್ಕಾಗಿಯೇ ಬೆಲೆ ಹಲವು ಮಡಿ ಏರುತ್ತಿತ್ತು. ಭಾರತದ ಅರಸರು ಇವರ ದೊಡ್ಡ ಗಿರಾಕಿಗಳಾಗಿದ್ದರು. ಮೈಸೂರು ಸೀಮೆಯಲ್ಲಿ ಖೆಡ್ಡಾದಿಂದ ಹೆಸರಾದ ಸ್ಯಾಂಡರ್ಸನ್ ಸಾಹೇಬನು 1878ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಆನೆಗಾಗಿ ತಾನು ಬಳಸಿದ 4 ಬೋರಿನ, 8 ಬೋರಿನ ಕೋವಿಗಳನ್ನು ವರ್ಣಿಸಿದ್ದಾನೆ. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಹಿಡಿಯುವ ಎಷ್ಟು ಗುಂಡುಗಳಾಗುತ್ತವೆಯೋ ಅದೇ ಬೋರಿನ ಅಂಕೆ. 4 ಬೋರೆಂದರೆ ಕಾಲು ಪೌಂಡಿನ ಗುಂಡು.

ಇನ್ನೊಂದು ಪಕ್ಷಕ್ಕೆ ಸಾಕ್ಷಿಯಾಗಿ ಬೆಂಗಳೂರಿನ ಕೆನೆತ್ ಆಂಡರ್ಸನ್ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಕನ್ನಡಿಗರಿಗೆ ಆಪ್ತರಾದವರು ಇವರು. ಅರಸೀಕೆರೆಯ ಸಮೀಪದ ಗುಡ್ಡಗಳಲ್ಲಿ ಜನರ ಮುಖವನ್ನೇ ಸೀಳುತ್ತಿದ್ದ ಕರಡಿಯ ಕತೆಯನ್ನೂ ಬರೆದವರು. ಇವರ ಕೈಯಲ್ಲಿ ಇದ್ದದ್ದು ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯ 1895ರ ಮಾದರಿ, ಪಾಯಿಂಟ್ 405ರ ರೈಫಲು. ಸನ್ನೆಗೋಲನ್ನು ಕೆಳಕ್ಕೆಳೆದು ಮೇಲೊತ್ತಿದರೆ ಮುಂದಿನ ತೋಟ ತಾನಾಗಿ ನಳಿಗೆಗೆ ಬರುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೋದಾಗ ಇಂಗ್ಲಿಷ್ ಮಿತ್ರರು ಕಾಣಿಕೆಯಿತ್ತ ಹಾಲೆಂಡ್ ಜೋಡುನಳಿಗೆಯನ್ನೂ ಒಯ್ದರು, ಈ ಅಚ್ಚಿನ ವಿಂಚೆಸ್ಟರನ್ನೂ ಒಯ್ದರು. ಸಿಂಹಕ್ಕೆ ಅವರು ನೆಚ್ಚಿದ್ದು ವಿಂಚೆಸ್ಟರನ್ನೇ.

ಇವೆರಡೂ ಕಡೆಗೆ ಒಂದಾದ ಬಗೆಯನ್ನೂ ನೋಡಬೇಕು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ ಅವರಿಗೆ ಸರ್ಕಾರದ ಕಡೆಯಿಂದ ಒಂದು ರಿಗ್ಬಿ ರೈಫಲು ಬಹುಮಾನವಾಗಿ ಬಂದಿತು. ಲಂಡನ್ನಿನ ಹೆಸರು ಹೊತ್ತ ಆ ರೈಫಲಿನ ಹೃದಯಭಾಗವಾದ ಬೀಗ ಜರ್ಮನಿಯ ಮೌಸರ್ ಕಾರ್ಖಾನೆಯದು. ಕಾರ್ಖಾನೆಯ ಬೀಗ, ಕುಶಲಿಯ ಹಿಡಿ. ಈ ಕೂಡಾವಳಿಯೇ ಮುಂದೆ ಬಹುಕಾಲ ಬಾಳಿತು.

ಚಂಪಾವತದ ಆ ಬೇಟೆ ನಮ್ಮ ಪ್ರಶ್ನೆಯ ತಿರುಳನ್ನು ಮುಟ್ಟುತ್ತದೆ. ಕಾರ್ಬೆಟ್ ಕೊಡುವ ಲೆಕ್ಕದಂತೆ ಆ ಹೆಣ್ಣುಹುಲಿ ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ 436 ಜನರನ್ನು ತಿಂದಿತ್ತು. ಸತ್ತ ಮೇಲೆ ಬಾಯಿ ತೆರೆದು ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ಯಾರೋ ಹಾರಿಸಿದ ಗುಂಡಿನ ಗಾಯ ಅದು. ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನಿಗೆ ಎರಗಿತು. ಆ ಗುಂಡು ಹಾರಿಸಿದವನ ಹೆಸರು ಯಾರಿಗೂ ತಿಳಿಯದು. ಅವನ ಕೋವಿ ಕೀಳಾಗಿತ್ತೋ, ಗುರಿ ತಪ್ಪಿತೋ, ಅಂತೂ ಒಂದು ಕೆಟ್ಟ ಈಡಿಗೆ ನೂರಾರು ಹಳ್ಳಿಗರು ಬೆಲೆ ತೆತ್ತರು. ಕೊನೆಯ ಗಳಿಗೆಯಲ್ಲಿ ಕಾರ್ಬೆಟ್ ಅವರ ತೋಟಗಳು ಮುಗಿದು, ಅವರು ಓಡಿಹೋಗಿ ತಹಸೀಲ್ದಾರರ ಕೋವಿಯನ್ನು ತಂದರು. ಅದರ ನಳಿಗೆಗೂ ಬೀಗದ ಹಲಗೆಗೂ ನಡುವೆ ಬೆರಳು ತೋರುವಷ್ಟು ಸಂದು ಬಿಟ್ಟಿತ್ತು. ಹಾರಿಸಿದರೆ ಬೆಂಕಿ ಹಿಂದಕ್ಕೆ ಚಿಮ್ಮಿ ಕಣ್ಣು ಹೋಗಬಹುದೆಂದು ತಿಳಿದೂ ಹಾರಿಸಬೇಕಾಯಿತು.

ತಹಸೀಲ್ದಾರರ ಕೋವಿಯೇ ಹಾಗಿದ್ದರೆ ರೈತನ ಕೋವಿಯ ಪಾಡೇನು? ಮಲೆನಾಡಿನಲ್ಲಿ, ಅದರ ಸೆರಗಿನಲ್ಲಿ, ಬೆಳೆ ಕಾಯುವವನ ಕೈಯಲ್ಲಿ ಇದ್ದದ್ದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಮದ್ದು, ನಾರು, ಗುಂಡು ಅಥವಾ ಚರೆ, ಮತ್ತೆ ನಾರು. ಗಜದಿಂದ ಗಿಡಿದು, ಕೇಪು ಇಟ್ಟು, ಒಂದೇ ಒಂದು ಈಡು. ಅದೂ ಒಬ್ಬನ ಕೈಯಿಂದ ಮೂಡಿದ್ದೇ. ಊರ ಕಮ್ಮಾರನೇ ಮಾಡಿದ್ದು ಅಥವಾ ತಿದ್ದಿದ್ದು. ಆದರೆ ಇಂಗ್ಲೆಂಡಿನಲ್ಲಿ 1637ರಿಂದ ಲಂಡನ್ನಿನ ಕೋವಿಕಾರರ ಸಂಘವೂ, 1813ರಿಂದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವೂ ಪ್ರತಿಯೊಂದು ನಳಿಗೆಗೂ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ ಮುದ್ರೆ ಒತ್ತುತ್ತಿದ್ದವು. ಊರ ಕಮ್ಮಾರನ ನಳಿಗೆಗೆ ಅಂಥ ಪರೀಕ್ಷೆ ಇರಲಿಲ್ಲ. ಬಳಸುವವನ ಕೈಯೇ ಅದರ ಪರೀಕ್ಷಾಗೃಹ. ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಒಬ್ಬ ಹಿರಿಯರಿಗೆ ಎಡಗೈಯ ಎರಡು ಬೆರಳುಗಳಿರಲಿಲ್ಲ. ಹಂದಿಗೆ ಕಾದು ಕುಳಿತಿದ್ದಾಗ ನಳಿಗೆ ಸೀಳಿತ್ತಂತೆ. ಅವರು ಅದನ್ನು ಹಣೆಬರಹವೆಂದೇ ಹೇಳುತ್ತಿದ್ದರು.

ಒಳ್ಳೆಯ ಮನೆತನದ ಕೋವಿಯೂ ಈ ಅಪಾಯಕ್ಕೆ ಹೊರತಾಗಿರಲಿಲ್ಲ. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದಿತು. ಅದರ ಒತ್ತಡ ಕರಿಮದ್ದಿಗಿಂತ ಹೆಚ್ಚು. ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ, ನೋಡಲು ನೀರಿನಲೆಯಂತೆ ಚೆಂದವಾದ ಹಳೆಯ ನಳಿಗೆಗೆ ಹೊಸ ತೋಟ ತುಂಬಿದರೆ ಅದು ಸಿಡಿಯುವ ಅಪಾಯವಿತ್ತು. ಆ ಒತ್ತಡವನ್ನು ತಾಳಿಕೊಂಡದ್ದು ಕಾರ್ಖಾನೆಯ ಎರಕದ ಉಕ್ಕು. ಆದುದರಿಂದ ಬಡವನ ಪ್ರಾಣವನ್ನು ಉಳಿಸಿದ್ದು ಅಚ್ಚಿನ ಕೋವಿಯೇ ಎಂದು ನಾನು ತಿಳಿಯುತ್ತೇನೆ. ಕೈಕೆಲಸವನ್ನು ಹಾಡಿಹೊಗಳುವ ನಮ್ಮಂಥ ಸಾಹಿತ್ಯದವರು ಈ ಮಾತನ್ನು ಮರೆಯಬಾರದು. ಅಳತೆಯ ಕೋವಿ ಹಣವಿದ್ದವನಿಗೆ ನೆಮ್ಮದಿ ಕೊಟ್ಟಿತು. ಒಂದೇ ಮಟ್ಟದ ಭದ್ರತೆಯನ್ನು ಎಲ್ಲರ ಕೈಗೂ ಎಟುಕಿಸುವ ದಾರಿಯನ್ನು ತೆರೆದದ್ದು ಕಾರ್ಖಾನೆ.

ಕಾನೂನು ಈ ಆಯ್ಕೆಯನ್ನು ಮೆಲ್ಲಮೆಲ್ಲನೆ ಕಿರಿದು ಮಾಡಿತು. 1878ರ ಶಸ್ತ್ರ ಕಾಯಿದೆಯಿಂದ ಕೋವಿಗೆ ಪರವಾನಗಿ ಬೇಕಾಯಿತು; ಕೊಡವರಿಗೆ ಮಾತ್ರ ಅದಕ್ಕೂ ಹಿಂದಿನಿಂದ ಬಂದ ವಿನಾಯಿತಿ ಮುಂದುವರಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ‘ತೋಕ್’ ಅವರಿಗೆ ಮನೆದೇವರಷ್ಟೇ ಹತ್ತಿರ. ಸ್ವಾತಂತ್ರ್ಯಾನಂತರ 1959ರ ಕಾಯಿದೆ ಬಂದಿತು. ಇಶಾಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315ರ ರೈಫಲು ದೇಶದ ಪರವಾನಗಿದಾರರ ಪರಿಚಿತ ಆಯುಧವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿಯೇ ನಿಂತಿತು. ಹಾಲೆಂಡಾಗಲಿ ವಿಂಚೆಸ್ಟರಾಗಲಿ, ಎರಡೂ ಗಾಜಿನ ಕಪಾಟನ್ನು ಸೇರಿದವು.

ಅಷ್ಟರಿಂದ ಪ್ರಶ್ನೆ ಮುಗಿಯಿತೆಂದು ಹೇಳುವಂತಿಲ್ಲ. ಇಂದು ನಮ್ಮ ಜಿಲ್ಲೆಯ ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟದಲ್ಲಿಯೂ ಗದ್ದೆಯಲ್ಲಿಯೂ ತಿರುಗುತ್ತಿವೆ. ಅರಣ್ಯ ಇಲಾಖೆಯವರ ಕೈಯಲ್ಲಿ ಈಗ ಇರುವುದು ಅರಿವಳಿಕೆಯ ಚುಚ್ಚುಮದ್ದನ್ನು ಹಾರಿಸುವ ಕೋವಿ. ಅದು ಬಹುಪಾಲು ಒಂದೇ ಈಡಿನದು, ಮದ್ದು ಏರುವುದಕ್ಕೆ ನಿಮಿಷಗಳೇ ಬೇಕು. 2023ರ ಆಗಸ್ಟ್ ಕೊನೆಯಲ್ಲಿ, ಗಾಯಗೊಂಡಿದ್ದ ಒಂದು ಕಾಡಾನೆಗೆ ಚಿಕಿತ್ಸೆ ನೀಡಲೆಂದು ಹೋಗಿದ್ದ ತಂಡದಲ್ಲಿ, ಅರಿವಳಿಕೆ ಹಾರಿಸುವುದರಲ್ಲಿ ಪಳಗಿದ ಸಿಬ್ಬಂದಿಯೊಬ್ಬರು ಆಲೂರು ತಾಲ್ಲೂಕಿನಲ್ಲಿ ಅದೇ ಆನೆಗೆ ಬಲಿಯಾದರು. ಅವರು ಕೊಲ್ಲಲು ಹೋದವರಲ್ಲ, ಉಳಿಸಲು ಹೋದವರು.

ಈ ಕೋವಿ ಕಾರ್ಖಾನೆಯದು. ಆದರೂ ಅಳತೆ ಇಲ್ಲದೆ ಅದು ಕೆಲಸಕ್ಕೆ ಬಾರದು. ಮದ್ದಿನ ಪ್ರಮಾಣವನ್ನು ಆನೆಯ ತೂಕ ನೋಡಿ, ವಯಸ್ಸು ನೋಡಿ, ಒಂದೊಂದು ಸಲವೂ ಹೊಸದಾಗಿ ನಿಶ್ಚಯಿಸಬೇಕು. ಹಿಂದೆ ಬೇಟೆಗಾರನ ಹೆಗಲನ್ನು ಅಳೆಯುತ್ತಿದ್ದರು, ಈಗ ಪ್ರಾಣಿಯನ್ನು ಅಳೆಯುತ್ತಾರೆ. ಅದನ್ನು ಹಿಡಿದು ಆನೆಯ ಮುಂದೆ ಕಾಲ್ನಡೆಯಲ್ಲಿ ನಿಲ್ಲುವವರು ಮಾತ್ರ ದಿನಗೂಲಿಯ, ಸಣ್ಣ ಸಂಬಳದ ನಮ್ಮ ಊರಿನ ಜನ. ಮೊದಲ ಈಡು ಸಾಲದೆ ಹೋದರೆ ಅವರ ಬೆನ್ನಿಗೆ ಯಾರಿದ್ದಾರೆ ಎಂಬುದನ್ನು ಕೋವಿ ಕೊಳ್ಳುವ ಮೊದಲೇ ಯೋಚಿಸುವುದು ಮೇಲು.

(ಬಾನುಲಿ ಭಾಷಣ)