ಜೋ ಮದುವೆಯಾದ ಕಥೆ

ಹುಡುಗಿಯೊಬ್ಬಳ ಕಥೆ ಮದುವೆಯಲ್ಲಿಯೇ ಮುಗಿಯಬೇಕೆ? ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಅವರನ್ನು 1868ರಲ್ಲಿ ಕಾಡಿದ ಪ್ರಶ್ನೆ ಇದು. ಆ ವರ್ಷ ಅವರ 'ಲಿಟ್ಲ್ ವಿಮೆನ್' ಕಾದಂಬರಿಯ ಮೊದಲ ಭಾಗ ಹೊರಬಂದಿತ್ತು. ನಾಲ್ವರು ಅಕ್ಕತಂಗಿಯರು ಬೆಳೆದು ದೊಡ್ಡವರಾಗುವ ಕಥೆ. ಅದನ್ನು ಓದಿದ ಹುಡುಗಿಯರು ಕಾಗದ ಬರೆದು ಕೇಳತೊಡಗಿದರು: ಯಾರು ಯಾರನ್ನು ವರಿಸುತ್ತಾರೆ? ಬರೆಯುವ ಹುಚ್ಚಿನ ಜೋ ನೆರೆಮನೆಯ ಲಾರಿಯ ಕೈಹಿಡಿಯುವಳಷ್ಟೆ? ಹೆಣ್ಣಿನ ಬಾಳಿಗೆ ಬೇರೆ ಗುರಿಯೇ ಇಲ್ಲವೇನೋ ಎಂಬಂತೆ ಕೇಳುತ್ತಾರಲ್ಲ ಎಂದು ಆಲ್ಕಾಟ್ ದಿನಚರಿಯಲ್ಲಿ ಸಿಡುಕಿಕೊಂಡರು.

ಈ ಪುಸ್ತಕವನ್ನು ಅವರು ಆಸೆಪಟ್ಟು ಬರೆದದ್ದೂ ಅಲ್ಲ. ಹುಡುಗಿಯರಿಗಾಗಿ ಒಂದು ಕಥೆ ಬೇಕೆಂದವರು ಬಾಸ್ಟನ್ನಿನ ಪ್ರಕಾಶಕ ಥಾಮಸ್ ನೈಲ್ಸ್. ಆಲ್ಕಾಟರ ತಂದೆ ತತ್ತ್ವಜ್ಞಾನಿ. ಮನೆಯಲ್ಲಿ ತತ್ತ್ವಕ್ಕೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಕಾಂಕರ್ಡ್ ಊರಿನ ಮನೆಯಲ್ಲಿ ಕುಳಿತು ಮಗಳು ತನ್ನ ಒಡಹುಟ್ಟಿದವರನ್ನೇ ಪಾತ್ರಗಳನ್ನಾಗಿ ಮಾಡಿದರು. ಅಕ್ಕ ಆನಾ ಮೆಗ್ ಆದಳು. 1858ರಲ್ಲಿ ತೀರಿಕೊಂಡಿದ್ದ ಎಲಿಜಬೆತ್ ಬೆತ್ ಆದಳು. ಚಿತ್ರಗಾರ್ತಿ ಮೇ, ಏಮಿಯಾದಳು. ಜೋ ಮಾತ್ರ ಸ್ವತಃ ಲೇಖಕಿಯೇ.

ಆಲ್ಕಾಟ್ 1888ರಲ್ಲಿ ಕಣ್ಮುಚ್ಚುವವರೆಗೂ ಅವಿವಾಹಿತೆ. ಜೋ ಕೂಡ ಬರೆದುಕೊಂಡು ಒಂಟಿಯಾಗಿರಲಿ ಎಂಬುದೇ ಅವರ ಬಯಕೆ. ಓದುಗರು ಬಿಡಬೇಕಲ್ಲ! 1869ರ ಎರಡನೆಯ ಭಾಗದಲ್ಲಿ ಅವರು ಹಠಕ್ಕೆ ಹಠ ಸಾಧಿಸಿದರು. ಲಾರಿಗೆ ಏಮಿಯನ್ನು ಕೊಟ್ಟು, ಜೋಗೆ ನಡುಹರೆಯದ ಬಡ ಜರ್ಮನ್ ಪ್ರಾಧ್ಯಾಪಕ ಭೇರ್ ಅವರನ್ನು ಗಂಟುಹಾಕಿದರು.

ಬೆಳ್ಳಿತೆರೆ ಈ ಗಂಟನ್ನು ಬಹುಕಾಲ ಬಿಚ್ಚಲಿಲ್ಲ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1933ರಲ್ಲಿ, ಜಾರ್ಜ್ ಕ್ಯೂಕರ್ ನಿರ್ದೇಶನದಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಜೋ ಆದರು. ಅದರ ಚಿತ್ರಕಥೆಗೆ ಆಸ್ಕರ್ ಬಂದಿತು. 1949ರ ವರ್ಣಚಿತ್ರದಲ್ಲಿ ಎಲಿಜಬೆತ್ ಟೇಲರ್ ಏಮಿಯಾಗಿ ಬಂದರು. 1994ರ ಚಿತ್ರವನ್ನು ನಿರ್ದೇಶಿಸಿದವರು ಗಿಲಿಯನ್ ಆರ್ಮ್‌ಸ್ಟ್ರಾಂಗ್ ಎಂಬ ಮಹಿಳೆ. ಮೂರರಲ್ಲಿಯೂ ಕೊನೆಗೆ ಪ್ರಾಧ್ಯಾಪಕರು ಬರುತ್ತಾರೆ, ಜೋ ಒಪ್ಪುತ್ತಾಳೆ, ಪ್ರೇಕ್ಷಕರು ಸಂತೋಷದಿಂದ ಮನೆಗೆ ಹೋಗುತ್ತಾರೆ.

2019ರಲ್ಲಿ ಗ್ರೆಟಾ ಗರ್ವಿಗ್ ಕಥೆಯನ್ನು ಬೇರೆಯ ಬಾಗಿಲಿನಿಂದ ಹೊಕ್ಕರು. ಸರ್ಶಾ ರೋನನ್ ಅಭಿನಯಿಸಿದ ಜೋ ಮೊದಲ ದೃಶ್ಯದಲ್ಲಿಯೇ ಪ್ರಕಾಶಕನ ಕಚೇರಿಯಲ್ಲಿ ನಿಂತಿರುತ್ತಾಳೆ. ನಾಯಿಕೆಗೆ ಕೊನೆಯಲ್ಲಿ ಮದುವೆಯಾಗಬೇಕು, ಇಲ್ಲವೆ ಸಾವು ಬರಬೇಕು ಎಂಬುದು ಆತನ ನಿಯಮ. ಕಡೆಗೆ ಜೋ ತನ್ನ ನಾಯಿಕೆಗೆ ಮದುವೆ ಮಾಡಲು ಒಪ್ಪುತ್ತಾಳೆ. ಆದರೆ ಗೌರವಧನಕ್ಕಾಗಿ ಚೌಕಾಸಿ ಮಾಡುತ್ತಾಳೆ. ಹಕ್ಕುಸ್ವಾಮ್ಯವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮಳೆಯಲ್ಲಿ ಕೊಡೆಯ ಕೆಳಗಿನ ಪ್ರೇಮದೃಶ್ಯವೂ ಇದೆ. ಅದು ಜೋ ಬಾಳಿದ್ದೋ, ಜೋ ಬರೆದದ್ದೋ ಎಂಬುದನ್ನು ಚಿತ್ರ ನಮಗೇ ಬಿಡುತ್ತದೆ.

ಇದು ಮೂಲಕ್ಕೆ ಅಪಚಾರವೆನ್ನುವವರು ಇರಬಹುದು. ಆದರೆ ಇತಿಹಾಸ ಗರ್ವಿಗ್ ಅವರ ಪರವಾಗಿದೆ. ಹಕ್ಕನ್ನು ಒಮ್ಮೆಗೇ ಮಾರದೆ ಇಟ್ಟುಕೊಳ್ಳಿರೆಂದು ನೈಲ್ಸ್ ಅವರೇ ಆಲ್ಕಾಟರಿಗೆ ಸಲಹೆ ಕೊಟ್ಟಿದ್ದರು. ಆ ಹಕ್ಕೇ ಮುಂದೆ ಇಡೀ ಸಂಸಾರವನ್ನು ಸಾಲದಿಂದ ಬಿಡಿಸಿ ಸಾಕಿತು. ಕಾದಂಬರಿಯ ಜೋಗೆ ಗಂಡ ಸಿಕ್ಕಿದ. ಕಾದಂಬರಿ ಬರೆದಾಕೆಗೆ ಪುಸ್ತಕ ಉಳಿಯಿತು. ಚಿತ್ರದ ಕೊನೆಯಲ್ಲಿ ಅಚ್ಚುಮನೆಯ ಕಾರ್ಮಿಕರು ಹಾಳೆಗಳನ್ನು ಮಡಿಸಿ, ಹೊಲಿದು, ಕೆಂಪು ರಟ್ಟು ಕಟ್ಟುತ್ತಾರೆ. ಗಾಜಿನಾಚೆ ನಿಂತು ನೋಡುತ್ತಿದ್ದ ಜೋ ಮೊದಲ ಪ್ರತಿಯನ್ನು ಎದೆಗವಚಿಕೊಳ್ಳುತ್ತಾಳೆ. ಆಲ್ಕಾಟ್ ಬರೆಯಲಾಗದೆ ಬಿಟ್ಟ ಮುಕ್ತಾಯ ಪ್ರಾಯಶಃ ಇದೇ.